ಉಗ್ರಾಣದಲ್ಲಿ ಎಳೆಬಿಸಿಲು

ಕಂತು ಏಳು

ಪ್ರೇಕ್ಷಕರು ಇಷ್ಟು: ಎರಡು ಮೂಟೆ ಅಕ್ಕಿ, ಒಂದು ಸುತ್ತಿಟ್ಟ ಹಾಸಿಗೆ, ಕಾಲು ಮುರಿದ ಕುರ್ಚಿ, ಗಾಳಿ ಇಳಿದ ಸೈಕಲ್ ಚಕ್ರ.

ಅವರೆದುರು ಟೀವಿ ಮಾತಾಡುತ್ತಿತ್ತು. ಪರದೆಯ ಮೇಲಿನ ನಿರೂಪಕಿ ಕಾಫಿ ಲೋಟ ಎತ್ತಿ ಹಿಡಿದು, "ಎದ್ದಿರಾ? ಮುಖ ತೊಳೆದಿರಾ? ಬನ್ನಿ, ಜೊತೆಗೇ ತಿಂಡಿ ತಿನ್ನೋಣ" ಎಂದು ಹಾಸಿಗೆಯನ್ನು ಕರೆದಳು. ಹಾಸಿಗೆ ಏಳಲಿಲ್ಲ.

ಉಗ್ರಾಣದ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೈಗಡಿಯಾರ ನೋಡಿಕೊಂಡಳು. ಏಳು ನಲವತ್ತು.

"ದಿನಾ ಹೀಗೇನಾ?"

"ದಿನಾ. ಏಳಕ್ಕೆ ಹಚ್ಚಿ ಬಾಗಿಲು ಹಾಕ್ತೀವಿ, ಒಂಬತ್ತಕ್ಕೆ ಬಂದು ಆರಿಸ್ತೀವಿ," ಎಂದರು ಮನೆಯ ಯಜಮಾನಿ, ಅರವತ್ತು ದಾಟಿದ ಹೆಂಗಸು. "ಹಾಲು ಕಾಯೋಕೆ ಇಟ್ಟ ಹಾಗೆ. ಉಕ್ಕೋದಿಲ್ಲ ಅನ್ನೋದೊಂದೇ ಪುಣ್ಯ."

"ಅತ್ತೇ, ಎಲ್ಲಾನೂ ಹೇಳಬೇಕಾ?" ಹಿಂದಿನಿಂದ ಸೊಸೆ ಪಿಸುಗುಟ್ಟಿದಳು.

"ನೀನು ಸುಮ್ನಿರೇ. ಪೆಟ್ಟಿಗೆ ಕೂಗ್ತಾ ಇದೆ ಅಂತ ಕಂಪನಿಗೆ ಫೋನ್ ಮಾಡಿದ್ದು ನಾನು. ರಿಪೇರಿಗೆ ಬಂದವರ ಹತ್ರ ಮುಚ್ಚಿಡೋದೇನು?"

ಅತ್ತಿಗೆ ರಿಪೇರಿಗೆ ಬಂದವಳಲ್ಲ. ಹದಿನೆಂಟು ವರ್ಷ ಕಾರ್ಮಿಕ ಇಲಾಖೆಯಲ್ಲಿ ಕಾರ್ಖಾನೆಗಳ ತಪಾಸಣೆ ಮಾಡಿ, ಬೀಗ ಹಾಕಿದ ಬಾಗಿಲುಗಳನ್ನೆಲ್ಲ ತೆಗೆಸಿ, ಅದೇ ತಪ್ಪಿಗೆ ಕೆಲಸ ಬಿಡಬೇಕಾಗಿ ಬಂದು, ಈಗ ಖಾಸಗಿ ಪತ್ತೇದಾರಿಕೆ ಮಾಡುವವಳು. ಅವಳ ಕಾರು ಓಡಿಸುವ ಮೈದುನ ಅತ್ತಿಗೆ, ಅತ್ತಿಗೆ ಎಂದು ಕರೆದು ಕರೆದು ಊರಿಗೆಲ್ಲ ಅವಳು ಅತ್ತಿಗೆಯಾಗಿದ್ದಳು. ರಿಪೇರಿ ಎಂಬ ಮಾತನ್ನು ಅವಳು ತಿದ್ದಲಿಲ್ಲ.

ಎರಡು ತಿಂಗಳ ಕೆಳಗೆ ಶುರುವಾದ 'ಎಳೆಬಿಸಿಲು' ಎಂಬ ಬೆಳಗಿನ ಕಾರ್ಯಕ್ರಮ ಇದ್ದಕ್ಕಿದ್ದಂತೆ ಊರಿಗೇ ಮೊದಲಾಗಿದ್ದು ಹೇಗೆ ಎಂದು ಹುಡುಕಲು ಟೀವಿ ನೋಡುವವರನ್ನು ಎಣಿಸುವ ಕಂಪನಿ ಅವಳನ್ನು ನೇಮಿಸಿತ್ತು. ಐದನೆಯ ದಿನ, ಕಂಪನಿಗೆ ಬಂದ ಆ ಫೋನಿನ ಜಾಡು ಹಿಡಿದು ಹೊರಟಾಗ ತೆರೆದ ಮೊದಲ ಬಾಗಿಲು ಇದು.

ಟೀವಿಯ ನೆತ್ತಿಯ ಮೇಲೆ ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ಕೂತಿತ್ತು. ಊರಲ್ಲಿ ಇಂಥವು ಮುನ್ನೂರು. ಯಾವ ಮನೆಯಲ್ಲಿ ಯಾವ ಹೊತ್ತಿಗೆ ಯಾವ ಚಾನೆಲ್ ಓಡುತ್ತಿದೆ ಎಂದು ಅವು ಎಣಿಕೆ ಕಂಪನಿಗೆ ವರದಿ ಮಾಡುತ್ತವೆ. ಒಂದೊಂದು ಪೆಟ್ಟಿಗೆ ಎರಡು ಸಾವಿರ ಮನೆಗಳ ಪರವಾಗಿ ಮಾತಾಡುತ್ತದೆ. ಆ ಎರಡು ಸಾವಿರ ಮನೆಯವರನ್ನು ಯಾರೂ ಏನೂ ಕೇಳುವುದಿಲ್ಲ. ಜಾಹೀರಾತು, ಸಂಬಳ, ಬಡ್ತಿ, ವಜಾ, ಎಲ್ಲವೂ ಈ ಸೋಪಿನ ಡಬ್ಬಿ ಹೇಳಿದಂತೆ.

ಅದಕ್ಕೇ ಪೆಟ್ಟಿಗೆ ಇರುವ ಮನೆ ಯಾವುದೆಂಬುದು ಗುಟ್ಟು. ಮನೆಯವರು ನೆಂಟರಿಗೂ ಹೇಳಬಾರದು. ಆ ಗುಟ್ಟನ್ನು ಚಾನೆಲ್ಲಿಗೆ ಮಾರಿದಳೆಂದು ಕಂಪನಿ ಬೆರಳು ತೋರಿಸಿದ್ದು ಒಬ್ಬಳ ಕಡೆಗೆ: ಮನೆಮನೆಗೆ ಹೋಗಿ ಪೆಟ್ಟಿಗೆ ಕೂರಿಸುವ, ಕೆಟ್ಟರೆ ಸರಿಮಾಡುವ ಹೆಂಗಸು. ಎಲ್ಲರ ಬಾಯಲ್ಲೂ ಮೀಟರಕ್ಕ. ಹತ್ತೊಂಬತ್ತು ವರ್ಷದ ಕೆಲಸ. ಇವತ್ತು ಸಂಜೆ ನಾಲ್ಕಕ್ಕೆ ಅವಳ ಮೇಲಿನ ದೂರು ಪೊಲೀಸರ ಕೈಗೆ ಹೋಗುತ್ತದೆ.

"ಈ ಬಟನ್‌ಗಳು?" ಪೆಟ್ಟಿಗೆಯ ಪಕ್ಕದ ಪುಟ್ಟ ರಿಮೋಟನ್ನು ಅತ್ತಿಗೆ ಕೈಗೆತ್ತಿಕೊಂಡಳು.

"ಯಾರು ನೋಡ್ತಿದ್ದಾರೋ ಅವರವರ ಬಟನ್ ಒತ್ತಬೇಕು. ಒಂದು ಮಗಂದು, ಎರಡು ಇವಳದು, ಮೂರು ಮೊಮ್ಮಗಳದು, ನಾಲ್ಕು ನಂದು. ಒತ್ತೋದು ಮರೆತರೆ ಕೂಗುತ್ತೆ. ಈಗ ನೋಡಿ, ನಾಲ್ಕೂ ಒತ್ತಿದೆ. ಲೆಕ್ಕದ ಪ್ರಕಾರ ನಾನೀಗ ಈ ಹಾಸಿಗೆ ಪಕ್ಕ ಕೂತು ತಿಂಡಿ ನೋಡ್ತಾ ಇದೀನಿ."

"ನಿಜವಾಗಿ?"

"ನಿಜವಾಗಿ ಹಾಲ್‌ನಲ್ಲಿ ಕೂತು ಆ ಹಳೇ ಚಾನೆಲ್ ನೋಡ್ತೀನಿ. ಮೂವತ್ತು ವರ್ಷದಿಂದ ನೋಡಿದ್ದು, ಬಿಡೋಕಾಗುತ್ತಾ? ಹೊಸ ಟೀವಿಯಲ್ಲಿ ಚೆನ್ನಾಗಿ ಕಾಣುತ್ತೆ ಕೂಡ."

"ಹೊಸದು ಯಾವಾಗ ತಂದ್ರಿ?"

"ತರಲಿಲ್ಲ, ಬಂತು. ಇವರೇ ಕೊಟ್ಟಿದ್ದು." ಯಜಮಾನಿ ಗಲ್ಲದಿಂದ ಪರದೆಯನ್ನು ತೋರಿಸಿದರು. "ಫೋಟೋ ಸ್ಪರ್ಧೆ. ಕೊಡುವಾಗ ಒಂದೇ ಮಾತು ಹೇಳಿದ್ರು: ಹಳೇದನ್ನ ಮಾರಬೇಡಿ, ಬಿಚ್ಚಬೇಡಿ, ಬೆಳಿಗ್ಗೆ ಎರಡು ಗಂಟೆ ನಮ್ಮ ಕಾರ್ಯಕ್ರಮಕ್ಕೆ ಹಚ್ಚಿಡಿ. ಕೃತಜ್ಞತೆ ಅಂತ ಇರಬೇಕಲ್ಲ?"

"ಇರಬೇಕು," ಎಂದಳು ಅತ್ತಿಗೆ.

ಅಷ್ಟರಲ್ಲಿ ಪರದೆಯ ಮೇಲೆ ಅದೇ ಸ್ಪರ್ಧೆ ಬಂತು. ನೀವು ಎಳೆಬಿಸಿಲು ನೋಡುತ್ತಿರುವ ಫೋಟೋ ಕಳಿಸಿ. ಗೋಡೆಯ ಗಡಿಯಾರ ಚಿತ್ರದಲ್ಲಿ ಕಾಣಲೇಬೇಕು, ಅದೇ ನೀವು ಸಮಯಕ್ಕೆ ಸರಿಯಾಗಿ ಎದ್ದದ್ದಕ್ಕೆ ಸಾಕ್ಷಿ. ನಿರೂಪಕಿ ನಕ್ಕು, ಕಳೆದ ವಾರದ ಮೂವರು ವಿಜೇತರನ್ನು ತೋರಿಸಿದಳು.

ಮೊದಲ ಚಿತ್ರ: ಅಪ್ಪ, ಅಮ್ಮ, ಮಗಳು, ಬೆಕ್ಕು. ಎರಡನೆಯದು: ಮದುವೆಯಾದ ಹೊಸತರ ಜೋಡಿ. ಮೂರನೆಯದು: ಮುದುಕ, ಅವನ ಇಬ್ಬರು ಗಂಡುಮಕ್ಕಳು.

ಮೂರು ಮನೆ, ಮೂರು ಬಣ್ಣದ ಗೋಡೆ. ಗಡಿಯಾರ ಮಾತ್ರ ಒಂದೇ. ಎಂಟು ಮೂಲೆಯ ಚೌಕಟ್ಟು, ಹಸಿರು ಮುಳ್ಳು, ಹನ್ನೆರಡರ ಜಾಗದಲ್ಲಿ ಅಂಕಿಯ ಬದಲು ಒಂದು ಬಿಳಿ ಹಕ್ಕಿ.

ಅತ್ತಿಗೆ ಯಾರನ್ನೂ ಕೇಳದೆ ಹಾಲ್‌ಗೆ ನಡೆದಳು. ಗೋಡೆಯಗಲದ ಹೊಸ ಟೀವಿಯಲ್ಲಿ ಹಳೆಯ ಚಾನೆಲ್ ಓಡುತ್ತಿತ್ತು. ಅದರ ಮೇಲೆ ಎಂಟು ಮೂಲೆ, ಹಸಿರು ಮುಳ್ಳು, ಬಿಳಿ ಹಕ್ಕಿ.

"ಇದನ್ನೆಲ್ಲಿ ಕೊಂಡ್ರಿ?"

"ಕೊಂಡಿದ್ದಲ್ಲ. ಪೆಟ್ಟಿಗೆ ಇಟ್ಟುಕೊಂಡಿದ್ದಕ್ಕೆ ಕಂಪನಿ ಉಡುಗೊರೆ. ಮೀಟರಕ್ಕ ತಂದುಕೊಟ್ಟಳು," ಎಂದರು ಯಜಮಾನಿ. ಸೊಸೆ ತಲೆ ತಗ್ಗಿಸಿದಳು. ಅವಳಿಗೆ ಅರ್ಥವಾಗಿತ್ತು.

*

ಕಾರಿನಲ್ಲಿ ಮೈದುನ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಕಾಯುತ್ತಿದ್ದ.

"ತಿನ್ನಿ ಅತ್ತಿಗೆ. ಊರಿಗೆಲ್ಲ ತಿಂಡಿ ತೋರಿಸೋರ ಹಿಂದೆ ಬಿದ್ದು ನಾವು ಐದು ದಿನದಿಂದ ತಿಂಡಿ ತಿಂದಿಲ್ಲ."

"ಸ್ಟುಡಿಯೋಗೆ ನಡಿ."

"ಹುಂಜನ ಹತ್ರಾನಾ? ಕೊಕ್ಕಿನಿಂದ ಕುಕ್ಕಿಯಾನು."

ಹುಂಜ ಎಂದರೆ 'ಎಳೆಬಿಸಿಲು' ನಿರ್ಮಾಪಕ. ಮೂರಕ್ಕೆದ್ದು ಮೂವತ್ತು ಜನರನ್ನು ಫೋನಿನಲ್ಲಿ ಎಬ್ಬಿಸುವವನು. ಹೆಸರು ಇಟ್ಟವರು ಅವನ ಕೆಳಗಿನ ಕೆಲಸಗಾರರು. ಅದನ್ನವನು ಪ್ರಶಸ್ತಿಯಂತೆ ಹೊತ್ತು ತಿರುಗುತ್ತಿದ್ದ.

ಕಾರ್ಯಕ್ರಮ ಮುಗಿದು ಹತ್ತು ನಿಮಿಷವಾಗಿತ್ತು. ಸ್ಟುಡಿಯೋದ ಅಡುಗೆಮನೆಯಲ್ಲಿ ಒಲೆಗೆ ಅನಿಲವಿರಲಿಲ್ಲ, ನಲ್ಲಿಗೆ ನೀರಿರಲಿಲ್ಲ, ಬಟ್ಟಲಿನ ಹಣ್ಣು ಮೇಣದ್ದು. ಕಿಟಕಿಯಾಚೆ ಹಲಗೆಯ ಮೇಲೆ ಬರೆದ ಸೂರ್ಯ. ನೆಲ ಒರೆಸುವ ಹೆಂಗಸು ಆ ಸೂರ್ಯನಿಗೆ ಬೆನ್ನು ಹಾಕಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ರಾತ್ರಿಯಿಡೀ ಎದ್ದು ಬೆಳಗನ್ನು ತಯಾರಿಸುವ ಈ ಕಾರ್ಖಾನೆಯಲ್ಲಿ ಬೆಳಗಾಗುವ ಹೊತ್ತಿಗೆ ಕಣ್ಣು ಬಿಟ್ಟುಕೊಂಡಿದ್ದವನು ಹುಂಜ ಒಬ್ಬನೇ.

"ಕೇಳಿ ಅತ್ತಿಗೆ, ಏನು ಬೇಕಾದ್ರೂ ಕೇಳಿ," ಎಂದ. "ಮೊದಲ ಎರಡು ವಾರ ಒಂದು ನರಪಿಳ್ಳೆ ನೋಡಲಿಲ್ಲ ನಮ್ಮನ್ನ. ಜನ ಎದ್ದ ಕೂಡ್ಲೇ ಹಳೇ ಚಾನೆಲ್ ಒತ್ತೋದು ಹಲ್ಲುಜ್ಜಿದ ಹಾಗೆ, ಯೋಚನೆ ಮಾಡಿ ಮಾಡೋ ಕೆಲಸ ಅಲ್ಲ. ಆ ಬೆರಳನ್ನ ತಿರುಗಿಸಬೇಕಿತ್ತು. ಬಸ್ ಎಷ್ಟು ಹೊತ್ತಿಗೆ, ನೀರು ಯಾವ ಬೀದಿಗೆ, ಶಾಲೆಗೆ ರಜೆ ಇದೆಯಾ, ಎಲ್ಲಾ ಹೇಳಿದ್ವಿ. ನಿರೂಪಕಿ ಸೀರೆ ಬಿಟ್ಟು ಮನೆಯಲ್ಲಿ ಉಡೋ ಬಟ್ಟೆ ಹಾಕಿದ್ಲು. ಆರನೇ ವಾರ ಮೊದಲನೇ ಸ್ಥಾನ!"

"ಸ್ಪರ್ಧೆ ಶುರುವಾದದ್ದು?"

"ನಾಲ್ಕನೇ ವಾರ. ಆದ್ರೆ ಸ್ಪರ್ಧೆಯಿಂದ ಬಂದಿದ್ದಲ್ಲ ಈ ಜನ. ಪ್ರೀತಿಯಿಂದ ಬಂದಿದ್ದು. ಪುರಾವೆ ಕೊಡ್ಲಾ?" ಹುಂಜ ಕುರ್ಚಿಯ ತುದಿಗೆ ಬಂದ. "ಹೋದ ಗುರುವಾರ ಏಳು ಹದಿನೈದಕ್ಕೆ ನಮ್ಮ ದೊಡ್ಡ ಫ್ಯೂಸ್ ಹಾರಿಹೋಯ್ತು. ಇಪ್ಪತ್ತೆರಡು ನಿಮಿಷ ಪರದೆ ಕಪ್ಪು. ಚಿತ್ರ ಇಲ್ಲ, ಸದ್ದಿಲ್ಲ. ನಾನಂತೂ ಮುಗೀತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಅಂಕಿ ಬಂದಾಗ ನೋಡಿದ್ರೆ, ಹೆಚ್ಚು ಕಮ್ಮಿ ಬಿದ್ದೇ ಇಲ್ಲ! ಕಪ್ಪು ಪರದೆ ಮುಂದೆ ಕಾದು ಕೂತಿದ್ರು ಜನ. ಯಾವ ಚಾನೆಲ್ಲಿಗಿದೆ ಆ ಭಾಗ್ಯ?"

ಅವನ ಕಣ್ಣಲ್ಲಿ ನೀರಿತ್ತು. ನಟನೆಯಲ್ಲ.

ಅತ್ತಿಗೆ ಚೀಲದಿಂದ ಎಣಿಕೆ ಕಂಪನಿ ಕೊಟ್ಟ ಹಾಳೆ ತೆಗೆದು ಮೇಣದ ಹಣ್ಣಿನ ಪಕ್ಕ ಹರಡಿದಳು. ವಿಳಾಸಗಳಿಲ್ಲ, ಬರೀ ಪೆಟ್ಟಿಗೆಯ ನಂಬರುಗಳು. ಎದುರಿಗೆ ನಿಮಿಷ ನಿಮಿಷದ ಲೆಕ್ಕ.

"ಹೋದ ಗುರುವಾರದ್ದು. ಓದಿ."

ಹುಂಜ ಬೆರಳಿಟ್ಟು ಓದಿದ. ಏಳು ಹದಿನೈದಕ್ಕೆ 'ಎಳೆಬಿಸಿಲು' ಹಾಕಿಕೊಂಡಿದ್ದ ಪೆಟ್ಟಿಗೆಗಳು ಹದಿನೇಳು. ಏಳು ಹದಿನೇಳಕ್ಕೆ ಮೂರು ಪೆಟ್ಟಿಗೆಗಳು ಬೇರೆ ಚಾನೆಲ್ಲಿಗೆ ಹೋಗಿದ್ದವು. ಉಳಿದ ಹದಿನಾಲ್ಕು ಅಲುಗಾಡಿರಲಿಲ್ಲ. ಏಳು ಮೂವತ್ತೇಳರವರೆಗೂ.

"ನಿಮ್ಮನೇಲಿ ಟೀವಿ ಕಪ್ಪಾದ್ರೆ ನೀವೇನು ಮಾಡ್ತೀರಿ?" ಅತ್ತಿಗೆ ಕೇಳಿದಳು.

"ರಿಮೋಟ್ ತಗೊಂಡು..." ಹುಂಜನ ಮಾತು ಅಲ್ಲೇ ನಿಂತಿತು.

"ಹದಿನಾಲ್ಕು ಮನೆಯಲ್ಲಿ ಒಬ್ಬನಾದ್ರೂ ಬೈದು ರಿಮೋಟ್ ಎತ್ತಿಕೊಳ್ಳಲಿಲ್ಲ. ಯಾಕಂದ್ರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಬೆಳಿಗ್ಗೆ ಅಂಥದ್ದೊಂದು ಮನೆ ನೋಡಿ ಬಂದೆ. ನಿಮ್ಮ ಕಾರ್ಯಕ್ರಮಕ್ಕೆ ಅಲ್ಲಿ ಎರಡು ಮೂಟೆ ಅಕ್ಕಿ ಅಭಿಮಾನಿಗಳು."

ಹುಂಜ ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದ. ಹದಿನಾಲ್ಕರಲ್ಲಿ ಒಂದನ್ನಾದರೂ ಉಳಿಸಿಕೊಳ್ಳಲು ಹುಡುಕುತ್ತಿದ್ದಂತಿತ್ತು.

"ಆ ಮೂರು ಪೆಟ್ಟಿಗೆ?" ಎಂದ ಕೊನೆಗೆ. "ಕಪ್ಪಾದಾಗ ಎದ್ದು ಹೋದವು?"

"ಅವರೇ ನಿಮ್ಮ ನಿಜವಾದ ಜನ."

"ಮೂರು." ಅವನು ನಗಲು ನೋಡಿದ. "ಪರವಾಗಿಲ್ಲ. ಇದ್ದಾರಲ್ಲ ಮೂರು."

ಅತ್ತಿಗೆಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಮೂರಕ್ಕೆದ್ದು ದುಡಿದವನಿಗೂ ನಾಮ ಹಾಕಿದ್ದರು.

"ಫೋಟೋದಲ್ಲಿ ಗಡಿಯಾರ ಕಾಣಬೇಕು ಅನ್ನೋ ಷರತ್ತು ಯಾರದು?"

"ನಂದಲ್ಲ. ಮೇಲಿನ ಮಾರಾಟ ವಿಭಾಗದ್ದು. ಎಣಿಕೆ ವಿಷಯ ಬಲ್ಲ ಹೊರಗಿನವರು ಯಾರೋ ಹೇಳಿಕೊಟ್ಟರಂತೆ. ಯಾರು ಅಂತ ಕೇಳಿದ್ದಕ್ಕೆ, 'ನೀನು ಕೂಗೋ ಕೆಲಸ ನೋಡ್ಕೋ' ಅಂದ್ರು." ಹುಂಜ ತನ್ನ ಅಡ್ಡಹೆಸರಿಗೆ ಮೊದಲ ಬಾರಿಗೆ ನಾಚಿಕೊಂಡಂತೆ ಕಂಡ.

*

ಮೀಟರಕ್ಕನ ಓಣಿಗೆ ಕಾರು ಹೋಗುವುದಿಲ್ಲ. ಮೈದುನನನ್ನು ತಿರುವಿನಲ್ಲಿ ಬಿಟ್ಟು ಅತ್ತಿಗೆ ಒಬ್ಬಳೇ ನಡೆದಳು.

ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮೀಟರಕ್ಕ ಯಾರದೋ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದಳು. ನಲವತ್ತೈದರ ಆಸುಪಾಸು. ಅಂಗೈಯಲ್ಲಿ ಬೆಸುಗೆಯ ಸುಟ್ಟ ಕಲೆಗಳು. ಕಂಪನಿ ಕೊಟ್ಟ ನೀಲಿ ಅಂಗಿಯನ್ನು ಹತ್ತು ದಿನದ ಹಿಂದೆಯೇ ಕಸಿದುಕೊಂಡಿದ್ದರು. ಕಸಿಯಲಾಗದ ಉಪಕರಣದ ಚೀಲ ಪಕ್ಕದಲ್ಲಿತ್ತು. ಅದು ಅವಳ ಸ್ವಂತದ್ದು.

"ವಿಳಾಸ ಕೇಳೋಕೆ ಬಂದಿದ್ರೆ ವಾಪಸ್ ಹೋಗಿ ಅಕ್ಕ," ಎಂದಳು ತಲೆ ಎತ್ತದೆ. "ಹತ್ತೊಂಬತ್ತು ವರ್ಷ ಗಂಡನಿಗೂ ಹೇಳಿಲ್ಲ. ನಿಮಗೂ ಹೇಳಲ್ಲ."

"ವಿಳಾಸ ಬೇಡ. ಗಡಿಯಾರದ ವಿಷಯ ಹೇಳು."

ಸ್ಕ್ರೂಡ್ರೈವರ್ ನಿಂತಿತು.

"ಎಂಟು ಮೂಲೆದಾ? ಹಕ್ಕಿ ಇರೋದು?" ಮೀಟರಕ್ಕ ಮೂಗು ಮುರಿದಳು. "ಅದು ನಮ್ಮ ಕಂಪನಿ ಸಾಹೇಬರ ತಲೆ. ಮೀಟರ್ ಮನೆಗಳಿಗೆಲ್ಲ ಉಡುಗೊರೆ ಅಂತ ನನ್ನ ಭಾಗದ ಎಂಬತ್ತಾರು ಮನೆಗೆ ಎಂಬತ್ತಾರು ತರಿಸಿದ್ರು. ಹೊತ್ತು ಹಂಚಿದ್ದು ನಾನು. ಆಗಲೇ ಹೇಳಿದೆ, ಸಾರ್, ಗುಟ್ಟಿನ ಮನೆಗಳಿಗೆ ಒಂದೇ ಥರದ ಗಡಿಯಾರ ಕೊಟ್ರೆ, ಹಣೆಗೆ ಮುದ್ರೆ ಒತ್ತಿದ ಹಾಗಾಗುತ್ತೆ ಅಂತ. 'ನೀನು ಸ್ಕ್ರೂ ತಿರುಗಿಸು, ತಲೆ ತಿರುಗಿಸಬೇಡ' ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡೋದು, ಸಂಬಳದ ಕಾಗದಕ್ಕೆ ಸಹಿ ಅವರದು."

"ಸಾಹೇಬರಿಗೆ ಆ ಮನೆಗಳು ಗೊತ್ತಾ?"

"ಇಲ್ಲ. ಅವರಿಗೆ ಬರೀ ನಂಬರು. ವಿಳಾಸ ನನ್ನ ತಲೆಯಲ್ಲಿ, ಇನ್ನೊಂದು ಪ್ರತಿ ಮುಖ್ಯ ಕಚೇರಿಯಲ್ಲಿ ಅರಗು ಹಾಕಿದ ಲಕೋಟೆಯಲ್ಲಿ. ಅದನ್ನ ಒಡೆದಿಲ್ಲ ಅಂತ ಮುಖ್ಯ ಕಚೇರಿಯವರೇ ಬರೆದುಕೊಟ್ಟಿದ್ದಾರೆ. ಅದಕ್ಕೇ ತಾನೇ ಕಳ್ಳಿ ನಾನಾಗಿದ್ದು? ಗೊತ್ತಿದ್ದವಳು ನಾನೊಬ್ಬಳೇ."

ಅತ್ತಿಗೆ ಮೆಟ್ಟಿಲ ಮೇಲೆ ಅವಳ ಪಕ್ಕವೇ ಕೂತುಬಿಟ್ಟಳು.

"ಅದಕ್ಕೇ ನೀನು ಕಳ್ಳಿಯಲ್ಲ," ಎಂದಳು.

ಮೀಟರಕ್ಕ ಅವಳ ಮುಖ ನೋಡಿದಳು.

"ನಾಲ್ಕು ಗಂಟೆಯೊಳಗೆ ಬಿಡಿಸಿ ಹೇಳ್ತೀನಿ. ಅಲ್ಲಿವರೆಗೆ ಯಾರು ಕರೆದರೂ ಹೋಗಬೇಡ, ಯಾವ ಕಾಗದಕ್ಕೂ ಸಹಿ ಹಾಕಬೇಡ."

"ಮಗಳ ನರ್ಸಿಂಗ್ ಪರೀಕ್ಷೆ ಸೋಮವಾರ ಅಕ್ಕ. ಆ ದಿನ ಮನೆಗೆ ಪೊಲೀಸ್ ಬಂದ್ರೆ ಅವಳು ಬರೀತಾಳಾ?" ಮೀಟರಕ್ಕ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ಬಿಟ್ಟಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಂತೆ. ಹಾಕಲಿ. ಎಮ್ಮೆ ಕರುವಿಗೆ ಮಾತ್ರ ಬೇಡ."

*

ಮುದ್ರಿಸಿದ ವರದಿ ಹಿಡಿದು ಅತ್ತಿಗೆ ಎಣಿಕೆ ಕಂಪನಿಯ ಮೂರನೇ ಮಹಡಿಗೆ ಲಿಫ್ಟಿನಲ್ಲಿ ಬಂದಾಗ ಮೂರೂವರೆ. ಮೈದುನನೂ ಹಿಂದೆ ಬಂದಿದ್ದ.

ಸಾಹೇಬರ ಕೋಣೆಯ ಹೊರಗಿನ ಬೆಂಚಿನ ತುದಿಯಲ್ಲಿ ಮೀಟರಕ್ಕ ಕೂತಿದ್ದಳು. ಅತ್ತಿಗೆಯನ್ನು ಕಂಡು ಕಣ್ಣು ತಪ್ಪಿಸಿದಳು. ಹಿಂದೆ ಬಂದ ಮೈದುನನನ್ನು ಕಂಡು ಮುಖವನ್ನೇ ಗೋಡೆಗೆ ತಿರುಗಿಸಿದಳು.

"ಬರಬೇಡ ಅಂದಿದ್ದೆನಲ್ಲ?"

ಮೀಟರಕ್ಕನ ಹೆಬ್ಬೆರಳಿಗೆ ಶಾಯಿ ಅಂಟಿತ್ತು.

ಅತ್ತಿಗೆ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಬನ್ನಿ, ಬನ್ನಿ. ನಿಮ್ಮ ಶ್ರಮ ಉಳೀತು." ಸಾಹೇಬರು ಒಂದು ಕಾಗದವನ್ನು ಮೇಜಿನ ಮೇಲೆ ಅವಳತ್ತ ತಿರುಗಿಸಿದರು. ಐವತ್ತರ ಮನುಷ್ಯ, ಇಸ್ತ್ರಿಯ ಗೆರೆ ಮುರಿಯದ ಅಂಗಿ, ಯಾರ ಮೇಲೂ ಏರದ ದನಿ. "ಒಪ್ಪಿಕೊಂಡಿದ್ದಾಳೆ. ಸಹಿ ಇದೆ, ಹೆಬ್ಬೆಟ್ಟೂ ಇದೆ. ಪೊಲೀಸ್ ಬೇಡ, ಕೆಲಸ ಬಿಟ್ಟು ಹೋಗ್ತೀನಿ ಅಂದ್ಲು. ನಾನೂ ಹೂಂ ಅಂದೆ. ಮನುಷ್ಯತ್ವ."

ಅತ್ತಿಗೆ ಕಾಗದ ಓದಿದಳು. ಐದೇ ಸಾಲು.

"ಪೊಲೀಸ್ ಬೇಡ ಅನ್ನೋ ಮಾತು ಇದರಲ್ಲಿ ಎಲ್ಲಿದೆ?"

"ಅದು ಬಾಯಿಮಾತು."

"ಹದಿನಾಲ್ಕು ಮನೆಯ ವಿಳಾಸವೂ ಇಲ್ಲ."

"ಬರಿ ಅಂದೆ. ಬರೀಲಿಲ್ಲ. ಹಟಮಾರಿ."

"ಗುಟ್ಟು ಮಾರಿದೆ ಅಂತ ಒಪ್ಪಿಕೊಳ್ಳೋ ಕಾಗದದಲ್ಲೂ ಗುಟ್ಟು ಬಿಟ್ಟುಕೊಡದ ಕಳ್ಳಿ." ಅತ್ತಿಗೆ ಕುರ್ಚಿ ಎಳೆದು ಕೂತಳು. "ಸಾಹೇಬರೇ, ಒಂದು ಸಣ್ಣ ಅನುಮಾನ. ಚಾನೆಲ್ಲಿನವರು ಸಾವಿರಾರು ಫೋಟೋ ತರಿಸಿ, ಒಂದೊಂದರಲ್ಲೂ ಹಕ್ಕಿ ಗಡಿಯಾರ ಹುಡುಕಿ, ಸಿಕ್ಕ ಮನೆಗೆ ಹೊಸ ಟೀವಿ ಕೊಟ್ಟು, ಹಳೇದನ್ನ ಉಗ್ರಾಣ ಸೇರಿಸಿದ್ದಾರೆ. ಇಷ್ಟೆಲ್ಲ ಪಾಡು ಯಾಕೆ ಪಟ್ರು?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ವಿಳಾಸ ಗೊತ್ತಿದ್ದವಳು ಮಾರಿದ್ರೆ ಒಂದು ಚೀಟಿ ಸಾಕಿತ್ತು. ಹದಿನಾಲ್ಕು ಏಕೆ, ಎಂಬತ್ತಾರೂ ಸಿಗ್ತಿತ್ತು. ಗಡಿಯಾರ ಬೇಕಾಗಿದ್ದು ವಿಳಾಸ ಗೊತ್ತಿಲ್ಲದವನಿಗೆ. ವಿಳಾಸ ಗೊತ್ತಿಲ್ಲ, ಆದ್ರೆ ಎಲ್ಲ ಮನೆಯಲ್ಲೂ ಒಂದೇ ಗಡಿಯಾರ ಇದೆ ಅಂತ ಗೊತ್ತು. ಈ ಊರಲ್ಲಿ ಅಂಥವರು ಎಷ್ಟು ಜನ?"

ಹೊರಗೆ ಯಾವುದೋ ಟೈಪಿಂಗ್ ನಿಂತು ಮತ್ತೆ ಶುರುವಾಯಿತು.

"ಯೋಚನೆ ಚೆನ್ನಾಗಿದೆ," ಎಂದರು ಸಾಹೇಬರು. ಬೆವರಲಿಲ್ಲ, ಬಡಬಡಿಸಲಿಲ್ಲ. "ಬರೆದಿದ್ದೀರಾ ಇದನ್ನ?"

"ಒಂಬತ್ತು ಪುಟ. ಮುಖ್ಯ ಕಚೇರಿಗೆ ಇವತ್ತೇ ಹೋಗುತ್ತೆ. ನೀವು ಮೊದಲು ಅವಳ ಕಾಗದ ಹರೀರಿ."

"ಹೊರಗಿನ ತನಿಖೆ ಬೇಕು ಅಂತ ಮುಖ್ಯ ಕಚೇರಿಯವರು ಹಟ ಹಿಡಿದ್ರು," ಸಾಹೇಬರು ಬೇರೆ ಏನನ್ನೋ ನೆನಪಿಸಿಕೊಳ್ಳುವಂತೆ ಹೇಳಿದರು. "ಊರಲ್ಲಿ ಪತ್ತೇದಾರರಿಗೇನು ಬರಗಾಲವೇ? ಸೂಟು ಬೂಟಿನವರು ಐದಾರು ಜನ ಇದ್ರು. ನಿಮ್ಮನ್ನೇ ಯಾಕೆ ಕರೆಸಿದೆ ಅಂತ ಒಂದು ದಿನವಾದ್ರೂ ಕೇಳಿಕೊಂಡ್ರಾ?"

ಅತ್ತಿಗೆ ಕೇಳಿಕೊಂಡಿರಲಿಲ್ಲ. ತನ್ನ ಪ್ರಾಮಾಣಿಕತೆ ನೋಡಿ ಕರೆದರು ಎಂದುಕೊಂಡಿದ್ದಳು.

ಸಾಹೇಬರು ಡ್ರಾಯರು ಎಳೆದು ಹಳದಿ ಹಾಳೆಯೊಂದನ್ನು ತೆಗೆದರು. ಮೇಲ್ತುದಿಯಲ್ಲಿ 'ಎಳೆಬಿಸಿಲು' ಎಂದು ಅಚ್ಚಾಗಿತ್ತು. ಫೋಟೋ ಸ್ಪರ್ಧೆಯ ಬಹುಮಾನ ಪಡೆದದ್ದಕ್ಕೆ ರಸೀದಿ. ಹಳೆಯ ಟೀವಿಯನ್ನು ಪ್ರತಿದಿನ ಏಳರಿಂದ ಒಂಬತ್ತರವರೆಗೆ ಹಚ್ಚಿಡಲು ಒಪ್ಪಿದ್ದೇನೆ ಎಂಬ ಸಾಲು.

ಅದರ ಕೆಳಗೆ ವಿಜೇತರ ಹೆಸರು, ವಿಳಾಸ, ಸಹಿ.

ಹೆಸರು ಅತ್ತಿಗೆಯದು. ವಿಳಾಸ ಅವಳ ಮನೆಯದು. ಸಹಿಯೂ ಅವಳದೇ ಅನ್ನಿಸುವಷ್ಟು ಹತ್ತಿರ.

ಅತ್ತಿಗೆ ಎರಡು ಸಲ ಓದಿದಳು. ಕೆಳಮನೆಯಲ್ಲಿ ಅವಳು ಒಬ್ಬಳೇ. ಅಲ್ಲಿ ಟೀವಿಯೇ ಇಲ್ಲ. ಮಹಡಿಯಲ್ಲಿ ಮೈದುನನ ಸಂಸಾರ. ಮಂಡಿ ನೋವಿನಿಂದ ಅವಳು ಮಹಡಿ ಹತ್ತಿ ಮೂರು ವರ್ಷವಾಗಿತ್ತು.

ಎದ್ದು ಬಾಗಿಲು ತೆಗೆದಳು. ಬೆಂಚಿನ ಒಂದು ತುದಿಯಲ್ಲಿ ಮೀಟರಕ್ಕ, ಇನ್ನೊಂದು ತುದಿಯಲ್ಲಿ ಮೈದುನ.

"ಒಳಗೆ ಬಾ."

ಮೈದುನ ಬಂದ. ಮೇಜಿನ ಮೇಲಿನ ಹಳದಿ ಹಾಳೆ ಕಂಡ. ಅವನ ಬಾಯಿಗೆ ಯಾವ ತಮಾಷೆಯೂ ಬರಲಿಲ್ಲ.

"ಮಹಡಿಯಲ್ಲಿ ಆ ಪೆಟ್ಟಿಗೆ ಎಷ್ಟು ದಿನದಿಂದ ಇದೆ?"

"ಎರಡು ವರ್ಷ. ಯಾರಿಗೂ ಹೇಳಬಾರದು ಅಂದಿದ್ರು ಅತ್ತಿಗೆ. ನಿಮಗೂ."

"ಹೊಸ ಟೀವಿ?"

"ನಿಮ್ಮ ಓರಗಿತ್ತಿ ತವರಿಗೆ ಕಳಿಸಿದ್ಲು. ಸುಮ್ನೆ ಬಹುಮಾನ ಅಂದ್ಕೊಂಡ್ವಿ, ಆಣೆ ಮಾಡ್ತೀನಿ. ಮನೆ ನಿಮ್ಮ ಹೆಸರಲ್ಲಿದೆ ಅಂತ ಫಾರಂನಲ್ಲಿ ನಿಮ್ಮ ಹೆಸರೇ ಬರೆದೆ. ತಂದುಕೊಟ್ಟವರು ಅವಸರ ಮಾಡಿದ್ರು, ನೀವು ಊರಲ್ಲಿರಲಿಲ್ಲ... ಸಹಿ ನಾನೇ ಹಾಕ್ದೆ."

"ಯಾವಾಗ ಗೊತ್ತಾಯ್ತು ನಿನಗೆ, ಇದು ಬಹುಮಾನ ಅಲ್ಲ ಅಂತ?"

"ಸೋಮವಾರ. ನೀವು ಕಾರಲ್ಲಿ ಕೇಸಿನ ವಿಷಯ ಹೇಳಿದಾಗ."

ಐದು ದಿನ. ಐದು ದಿನ ಅವನು ಅವಳನ್ನು ಊರೆಲ್ಲ ಸುತ್ತಿಸಿದ್ದ. ಪ್ರತಿ ಸಂಜೆ ಮನೆಗೆ ಬಿಟ್ಟು, ಬೆಳಿಗ್ಗೆ ಮಹಡಿಯ ಟೀವಿ ಹಚ್ಚಿ, ಇಳಿದು ಬಂದು ಕಾರಿನ ಬಾಗಿಲು ತೆಗೆದು ನಿಂತಿದ್ದ.

"ಈಗ ನಿಮ್ಮ ಒಂಬತ್ತು ಪುಟವನ್ನ ಯಾರು ನಂಬ್ತಾರೆ?" ಸಾಹೇಬರು ಮೆಲ್ಲಗೆ ಕೇಳಿದರು. "ತನಿಖೆ ಮಾಡಿದವರೇ ಬಹುಮಾನ ಹೊಡೆದವರು. ವರದಿ ಚೀಲದಲ್ಲೇ ಇರಲಿ. ನೀವು ಮನೆಗೆ ಹೋಗಿ, ಅವಳೂ ಹೋಗ್ತಾಳೆ. ಎಲ್ಲಿಗೆ ಅನ್ನೋದು ನಾಲ್ಕು ಗಂಟೆ ಮೇಲಿನ ಮಾತು."

"ಚಾನೆಲ್ಲಿನ ರಸೀದಿ," ಅತ್ತಿಗೆ ನಿಧಾನವಾಗಿ ಅಂದಳು, "ಎಣಿಕೆ ಕಂಪನಿಯ ಡ್ರಾಯರಿಗೆ ಹೇಗೆ ಬಂತು?"

ಮೊದಲ ಬಾರಿಗೆ ಸಾಹೇಬರ ಕಣ್ಣು ಮಿಟುಕಿತು. ಆದರೆ ಬಾಯಿ ನಕ್ಕಿತು.

"ಅದನ್ನ ಕೇಳಬೇಕು ಅಂದ್ರೆ ಇದನ್ನ ಹೊರಗೆ ತೋರಿಸಬೇಕು. ತೋರಿಸ್ತೀರಾ? ಸುಳ್ಳು ಸಹಿಗೆ ಎಷ್ಟು ವರ್ಷ ಜೈಲು ಅಂತ ಇವರನ್ನ ಕೇಳಿ ತೋರಿಸಿ."

ಮೈದುನ ಗೋಡೆ ಹಿಡಿದುಕೊಂಡ. "ಅತ್ತಿಗೆ, ಮಕ್ಕಳಿದ್ದಾವೆ."

ಬಾಗಿಲು ಅರ್ಧ ತೆರೆದೇ ಇತ್ತು. ಸಂದಿಯಲ್ಲಿ ಮೀಟರಕ್ಕ ಎದ್ದು ನಿಂತಿದ್ದಳು, ಹೆಗಲಿಗೆ ಉಪಕರಣದ ಚೀಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಮಹಡಿಯಲ್ಲಿ ಪೆಟ್ಟಿಗೆ ಕೂರಿಸಿದವಳು ಅವಳೇ. ಬೆಂಚಿನ ಮೇಲೆ ಕೂತು ಆ ವಿಳಾಸವನ್ನೂ ನುಂಗಿಕೊಂಡವಳು ಅವಳೇ.

"ಅಕ್ಕ," ಎಂದಳು, "ನಾನು ಹೋಗ್ಲಾ? ಇರ್ಲಾ?"

ಮೂರು ಐವತ್ತಾಗಿತ್ತು.

"ಇರು," ಎಂದಳು ಅತ್ತಿಗೆ.

ಹಳದಿ ಹಾಳೆಯನ್ನು ಮಡಿಸಿ ತನ್ನ ವರದಿಯೊಳಗೆ ಹತ್ತನೆಯ ಪುಟವಾಗಿ ಇಟ್ಟಳು. ಸಾಹೇಬರು ಅದನ್ನು ಕಸಿಯಲು ಮುಂದೆ ಬಾಗಿದರು. ಅವಳು ವರದಿಯನ್ನು ಮೀಟರಕ್ಕನ ಕೈಗೆ ದಾಟಿಸಿದಳು. ಆಮೇಲೆ ಮೇಜಿನ ಮೇಲಿನ ಫೋನಿನತ್ತ ತಿರುಗಿದಳು.

"ನಾಲ್ಕಕ್ಕೆ ಪೊಲೀಸರು ಬರಬೇಕಿತ್ತಲ್ಲ ಸಾಹೇಬರೇ? ಹತ್ತು ನಿಮಿಷ ಮುಂಚೆಯೇ ಬರಲಿ."

ಅವಳ ಕೈ ಫೋನನ್ನು ಮುಟ್ಟುವ ಮೊದಲೇ ಅದರ ಮೇಲೆ ಇನ್ನೊಂದು ಕೈ ಬಿದ್ದಿತ್ತು. ಸಾಹೇಬರದಲ್ಲ. ಮೈದುನನದು.